ಗೋಧಿ ಬಿಡುವ ಮುನ್ನ ರಕ್ತಪರೀಕ್ಷೆ

ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ಎಷ್ಟು ಉಂಡರೂ ಮೈಗೆ ಹತ್ತದಿರುವುದು – ಇಂತಹ ತೊಂದರೆಗಳನ್ನು ಹೇಳಿಕೊಂಡವರಿಗೆ ಈಚಿನ ದಿನಗಳಲ್ಲಿ ಸುತ್ತಲಿನವರು ಕೊಡುವ ಸಲಹೆ ಒಂದೇ: ‘ಚಪಾತಿ ಬಿಟ್ಟುಬಿಡಿ, ಸರಿಹೋಗುತ್ತದೆ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಪರೀಕ್ಷೆಗೆ ಮುನ್ನವೇ ಗೋಧಿಯನ್ನು ತ್ಯಜಿಸಿದವರಲ್ಲಿ ನಿಜವಾದ ಕಾಯಿಲೆ ಇದ್ದರೂ ಅದು ಪತ್ತೆಯಾಗದೆ ಹೋಗಬಹುದು ಎಂಬುದನ್ನು ಅರಿತವರು ಕಡಿಮೆ. ಸದ್ಭಕ್ತರು ಮೊದಲು ತಿಳಿಯಬೇಕಾದ ಸಂಗತಿ ಇದು.

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನಾದಿದ ಹಿಟ್ಟಿಗೆ ಜಿಗುಟು ಬರುವುದು, ಹೋಳಿಗೆ ಹರಿಯದೆ ತೆಳುವಾಗಿ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಈ ಗ್ಲುಟೆನ್ ಒಳಹೊಕ್ಕಾಗ ದೇಹದ ರೋಗನಿರೋಧಕ ಶಕ್ತಿಯು ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಪದರದಲ್ಲಿ ಆಹಾರಸಾರವನ್ನು ಹೀರುವ ಅತಿಸೂಕ್ಷ್ಮವಾದ ಬೆರಳಿನಂತಹ ರಚನೆಗಳಿವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಗ ಕಬ್ಬಿಣ, ಸುಣ್ಣ ಮತ್ತು ಜೀವಸತ್ವಗಳು ತಟ್ಟೆಯಲ್ಲಿದ್ದರೂ ರಕ್ತಕ್ಕೆ ಸೇರುವುದಿಲ್ಲ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಕಂಡುಕೊಂಡವರು ಡಚ್ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್ಲೆಂಡಿನಲ್ಲಿ ಬ್ರೆಡ್ಡಿಗೆ ತೀವ್ರ ಅಭಾವವುಂಟಾದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು.

ನಮ್ಮ ದೇಶದಲ್ಲಿ ಈ ಕಾಯಿಲೆ ಉತ್ತರದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಕಾಯಿಲೆಗೆ ಎಡೆಮಾಡಿಕೊಡುವ ಆನುವಂಶಿಕ ಗುಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ಜೋಳ, ರಾಗಿ, ಅಕ್ಕಿಗಳನ್ನು ಉಣ್ಣುವ ನಮ್ಮಲ್ಲಿ ಗೋಧಿಯ ಬಳಕೆ ಕಡಿಮೆಯಿದ್ದುದು ಈ ಅಂತರಕ್ಕೆ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಈಗ ಆ ಬಳಕೆ ಮೊದಲಿನಂತಿಲ್ಲ. ಕಾಯಿಲೆ ವಿರಳವೆಂಬ ಕಾರಣಕ್ಕೆ ಅದರ ಸಂಶಯವೂ ತಡವಾಗಿ ಬರುತ್ತದೆ. ಭೇದಿ ಇಲ್ಲದೆಯೂ ಅದು ಇರಬಲ್ಲದು: ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಗು, ಬೇಗ ಸವೆಯುವ ಮೂಳೆ, ಮರುಕಳಿಸುವ ಬಾಯಿಹುಣ್ಣು, ಮೊಣಕೈ ಮೊಣಕಾಲುಗಳ ಮೇಲೆ ಏಳುವ ತುರಿಕೆಯ ಗುಳ್ಳೆ. ಇವುಗಳಿಗೆ ಬೇರೆ ಕಾರಣ ಸಿಗದಿದ್ದಾಗ ವೈದ್ಯರಲ್ಲಿ ಈ ಕಾಯಿಲೆಯ ಹೆಸರೆತ್ತಿ ಕೇಳುವುದರಲ್ಲಿ ತಪ್ಪಿಲ್ಲ. ಒಂದನೆಯ ಬಗೆಯ ಮಧುಮೇಹ ಇರುವವರಿಗೂ, ಸೀಲಿಯಾಕ್ ಖಚಿತವಾದವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೂ ಲಕ್ಷಣಗಳಿಲ್ಲದಿದ್ದರೂ ಪರೀಕ್ಷೆ ಮಾಡಿಸುವುದು ವಾಡಿಕೆ.

ಮೊದಲ ಪರೀಕ್ಷೆ ರಕ್ತದ್ದು. ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನು ಅಳೆಯುತ್ತಾರೆ, ಉಪವಾಸವಿರಬೇಕಾಗಿಲ್ಲ. ಇದರ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡುವುದು ಅಗತ್ಯ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಐಜಿಎ ತಯಾರಾಗುವುದಿಲ್ಲ. ಅಂಥವರಲ್ಲಿ ಕಾಯಿಲೆಯಿದ್ದರೂ ಮೊದಲ ಪರೀಕ್ಷೆ ‘ಇಲ್ಲ’ ಎಂದೇ ಹೇಳುತ್ತದೆ. ಈ ಪ್ರತಿಕಾಯಗಳು ಹುಟ್ಟುವುದು ಗ್ಲುಟೆನ್ ಒಳಹೋಗುತ್ತಿದ್ದಾಗ ಮಾತ್ರ. ಗೋಧಿ ಬಿಟ್ಟ ಮೇಲೆ ತಿಂಗಳು ಕಳೆದಂತೆ ಅವು ಇಳಿಯುತ್ತವೆ, ಕರುಳೂ ಮೆಲ್ಲನೆ ಮಾಯುತ್ತದೆ. ಆಗ ಮಾಡಿಸಿದ ಪರೀಕ್ಷೆಯ ‘ಇಲ್ಲ’ಕ್ಕೆ ಬೆಲೆಯಿಲ್ಲ. ಆದ್ದರಿಂದ ಪರೀಕ್ಷೆಗೆ ಮುನ್ನ ಕನಿಷ್ಠ 6 ವಾರಗಳ ಕಾಲ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇರಬೇಕೆನ್ನುತ್ತಾರೆ. ಈಗಾಗಲೇ ಬಿಟ್ಟವರು ಮತ್ತೆ ಆರಂಭಿಸುವುದಾದರೆ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಗೋಧಿ ತಿಂದೊಡನೆ ಮೈಮೇಲೆ ದದ್ದು ಏಳುವವರು, ಉಸಿರು ಕಟ್ಟುವವರು ಈ ಪ್ರಯೋಗಕ್ಕೆ ಕೈಹಾಕಲೇಬಾರದು. ಅದು ಗೋಧಿಯ ಅಲರ್ಜಿ, ಅದರ ದಾರಿಯೇ ಬೇರೆ.

ಪ್ರತಿಕಾಯ ಹೆಚ್ಚಿದ್ದರೆ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಮೊದಲ ಭಾಗದಿಂದ ಕೆಲವು ಚೂರುಗಳನ್ನು ತೆಗೆದು ಬಯಾಪ್ಸಿ ಮಾಡುತ್ತಾರೆ. ಒಳಪದರವು ಒಂದೆಡೆ ಸವೆದು ಇನ್ನೊಂದೆಡೆ ಸರಿಯಾಗಿರುವ ಸಾಧ್ಯತೆ ಇರುವುದರಿಂದ ಒಂದೇ ಚೂರು ಸಾಲದು. ನಮ್ಮ ಭಾಗದಲ್ಲಿ ಬಯಾಪ್ಸಿಗೆ ಇನ್ನೂ ಒಂದು ಮಹತ್ವವಿದೆ: ಸೋಂಕುಗಳಿಂದಲೂ, ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕಾಯಿಲೆಯಿಂದಲೂ ಕರುಳು ಹೀಗೆಯೇ ಸವೆಯಬಲ್ಲದು. ಆದ್ದರಿಂದ ರಕ್ತದ ವರದಿ ಮತ್ತು ಬಯಾಪ್ಸಿ ಎರಡನ್ನೂ ಕೂಡಿಸಿಯೇ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಪ್ರತಿಕಾಯ ಅತಿಯಾಗಿ ಏರಿರುವ ಮಕ್ಕಳಲ್ಲಿ, ಎರಡನೆಯ ಬಗೆಯ ರಕ್ತಪರೀಕ್ಷೆಯೂ ಅದನ್ನೇ ಹೇಳಿದರೆ, ತಜ್ಞರು ಬಯಾಪ್ಸಿಯನ್ನು ಕೈಬಿಡುವುದುಂಟು. ‘ಹತ್ತಾರು ಆಹಾರಗಳ ಅಸಹಿಷ್ಣುತೆ ಒಂದೇ ಪರೀಕ್ಷೆಯಲ್ಲಿ’ ಎಂದು ಮಾರುವ ಐಜಿಜಿ ಪರೀಕ್ಷೆಗಳಿಗೆ ಹಣ ಸುರಿಯುವುದು ವ್ಯರ್ಥವೆಂಬುದೇ ನನ್ನ ಅಭಿಪ್ರಾಯ. ಅವು ಸೀಲಿಯಾಕನ್ನು ಪತ್ತೆಮಾಡುವುದಿಲ್ಲ.

ಎಲ್ಲ ಪರೀಕ್ಷೆಗಳೂ ‘ಇಲ್ಲ’ ಎಂದ ಮೇಲೂ ಗೋಧಿ ತಿಂದಾಗ ತೊಂದರೆಪಡುವವರಿದ್ದಾರೆ. ಅವರದ್ದು ಕೇವಲ ಭ್ರಮೆಯಲ್ಲ. ಆದರೆ ಅವರ ಕರುಳು ಸವೆದಿರುವುದಿಲ್ಲ. ಅಂಥವರು ತಮಗೆ ಹಿಡಿಸುವಷ್ಟು ತಿಂದರೆ ಸಾಕು. ಸೀಲಿಯಾಕ್ ಖಚಿತವಾದವರಿಗೆ ಆ ಸಡಿಲಿಕೆ ಇಲ್ಲ. ಅವರದು ಜೀವನಪರ್ಯಂತದ ಪಥ್ಯ; ಒಂದು ತುಣುಕು ಚಪಾತಿಯೂ ಸಲ್ಲದು. ಪರೀಕ್ಷೆ ಮಾಡಿಸದೆ ಗೋಧಿ ಬಿಟ್ಟವನು ತಾನು ಈ ಎರಡರಲ್ಲಿ ಯಾವ ಗುಂಪಿನವನೆಂದು ತಿಳಿಯದೆಯೇ ಉಳಿಯುತ್ತಾನೆ.

ಪಥ್ಯದ ವಿಷಯದಲ್ಲಿ ನಮ್ಮ ಅಡುಗೆಮನೆ ಭಾಗ್ಯಶಾಲಿ. ಜೋಳದ ರೊಟ್ಟಿ, ಸಜ್ಜೆ, ನವಣೆ, ರಾಗಿ, ಅಕ್ಕಿ, ಬೇಳೆಕಾಳುಗಳಲ್ಲಿ ಗ್ಲುಟೆನ್ ಇಲ್ಲ. ತೊಡಕು ಬರುವುದು ಗಿರಣಿಯಲ್ಲಿ: ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಮನೆಯಲ್ಲಿ ಸಣ್ಣ ಬೀಸುವ ಯಂತ್ರವಿದ್ದರೆ ಅದನ್ನು ಗೋಧಿಯಿಂದ ದೂರವಿಡಬೇಕು. ಅಂಗಡಿಯ ಇಂಗಿನಲ್ಲಿ ಹಲವು ಬಾರಿ ಮೈದಾ ಬೆರೆತಿರುತ್ತದೆ. ರವೆ, ಶಾವಿಗೆಗಳಷ್ಟೇ ಅಲ್ಲ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೊಗಳುವ ಕಪ್ಲಿ ಗೋಧಿಯೂ ಗೋಧಿಯೇ. ದಾಸೋಹದಲ್ಲಿ ಹುಗ್ಗಿ, ಮಾದಲಿಗಳನ್ನು ಬಡಿಸುವಾಗ ಪ್ರಸಾದವನ್ನು ಬೇಡವೆನ್ನಲು ಭಕ್ತರ ಮನಸ್ಸು ಅಳುಕುವುದು ಸಹಜ. ಬಡಿಸುವವರಿಗೆ ಮೊದಲೇ ತಿಳಿಸಿ, ಗೋಧಿಯ ಪದಾರ್ಥ ಮುಟ್ಟದ ಸೌಟಿನಿಂದ ಅನ್ನ ಸಾರು ಬಡಿಸಿಸಿಕೊಂಡರೆ ಪ್ರಸಾದವೂ ಸಂದೀತು, ಪಥ್ಯವೂ ಉಳಿದೀತು. ಇಂಗಿನ ಒಗ್ಗರಣೆ ಬಿದ್ದಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.