ಎಂಜಿನಿನ ದಾಹಕ್ಕೆ ತಕ್ಕ ಪಂಪು

ಕುಮಟಾ ತಾಲೂಕಿನ ಸಂತೆಗುಳಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಮನೆಗೆ ಬಂದಿದ್ದನು. ಅವನ ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಪಿಸ್ಟನ್ ಇತ್ತು. ಅದರ ನೆತ್ತಿಯ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಭಾಗವು ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿ ಹೋಗಿತ್ತು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಪಂದ್ಯದ ಹಾದಿಯಲ್ಲಿ ಓಡಿಸಬೇಕೆಂಬ ಆಸೆಯಿಂದ ಅವನು ತನ್ನ ಟರ್ಬೊ ಕಾರಿನ ಶಕ್ತಿಯನ್ನು ಹೆಚ್ಚಿಸಿಕೊಂಡಿದ್ದನು. ಆದರೆ ಪಂದ್ಯದ ದಿನ ಬರುವ ಮೊದಲೇ, ಶಿರಸಿಗೆ ಹೋಗುವ ದೇವಿಮನೆ ಘಟ್ಟದ ಏರಿನಲ್ಲಿ ಎಂಜಿನು ನಿಂತುಹೋಯಿತು.

“ಸರ್, ಎಂಜಿನಿನಲ್ಲಿ ಎಣ್ಣೆ ಇತ್ತು, ನೀರು ಇತ್ತು, ಟಾಂಕಿಯಲ್ಲಿ ಪೆಟ್ರೋಲೂ ಇತ್ತು. ಹೀಗೇಕಾಯಿತು?” ಎಂದು ಅವನು ಕೇಳಿದನು. ಎಂಜಿನನ್ನು ಬಿಚ್ಚಿ ನೋಡಿದ ಮೇಲೆ ಕಾರಣ ತಿಳಿಯಿತು. ಶಕ್ತಿಯನ್ನು ಹೆಚ್ಚಿಸಿಕೊಟ್ಟವರು ಇಂಧನದ ಪಂಪನ್ನು ಮಾತ್ರ ಮೊದಲಿನಂತೆಯೇ ಬಿಟ್ಟಿದ್ದರು. ಈಗ ೪೦೦ ಅಶ್ವಶಕ್ತಿಯ ಗುರಿಯಿಟ್ಟುಕೊಂಡು ಎಂಜಿನನ್ನು ಮತ್ತೆ ಕಟ್ಟಿಸಬೇಕಾಗಿದೆ. ಅದಕ್ಕೆ ಎಂತಹ ಪಂಪು ಬೇಕು? ನಾವಿಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಅಂದು ಮಾಡಿದ ಲೆಕ್ಕವನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚಬೇಕು

ಎಂಜಿನಿನಿಂದ ಹೊರಬೀಳುವ ಹೊಗೆಯಲ್ಲಿ ಬಹಳಷ್ಟು ಶಕ್ತಿ ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ೧೯೦೫ರಲ್ಲಿ ಪೇಟೆಂಟು ಪಡೆದನು. ಮಾರಾಟದ ಕಾರುಗಳಲ್ಲಿ ಈ ಉಪಕರಣವು ಮೊದಲು ಕಾಣಿಸಿಕೊಂಡದ್ದು ೧೯೬೨ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಗಾಡಿಗಳಲ್ಲಿ. ಇದೇ ಟರ್ಬೊ.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಗಾಳಿಯನ್ನು ಹೆಚ್ಚಾಗಿ ತುಂಬಿದೆವೆಂದರೆ ಪೆಟ್ರೋಲನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಅಷ್ಟೇ ಅಲ್ಲ, ಪೂರ್ಣ ಶಕ್ತಿಯಲ್ಲಿ ಓಡುವ ಟರ್ಬೊ ಎಂಜಿನಿಗೆ ಬೇಕಾದುದಕ್ಕಿಂತ ಸ್ವಲ್ಪ ಅಧಿಕವಾಗಿಯೇ ಪೆಟ್ರೋಲನ್ನು ಕೊಡುವುದು ವಾಡಿಕೆ. ಆ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರಿ ಸಿಲಿಂಡರನ್ನು ತಂಪಾಗಿಡುತ್ತದೆ. ಪೆಟ್ರೋಲು ಕಡಿಮೆಯಾದೊಡನೆ ಈ ರಕ್ಷಣೆಯು ತಪ್ಪುತ್ತದೆ. ಉಳಿದ ಮಿಶ್ರಣವು ಕ್ರಮವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದ ಅಲೆಗಳು ಪಿಸ್ಟನ್ನಿನ ಮೈಗಂಟಿದ ತೆಳುವಾದ ತಂಪು ಅನಿಲದ ಪೊರೆಯನ್ನು ಕಿತ್ತುಹಾಕುತ್ತವೆ. ಜ್ವಾಲೆಯ ಉಷ್ಣತೆಯು ೨೦೦೦ ಡಿಗ್ರಿಗೂ ಮೇಲೆ. ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ. ನನ್ನ ಮೇಜಿನ ಮೇಲಿದ್ದ ಪಿಸ್ಟನ್ನಿನ ಕಥೆ ಇಷ್ಟೆ.

ಡೀಸೆಲ್ ಎಂಜಿನಿನ ಸ್ವಭಾವ ಬೇರೆ. ಅಲ್ಲಿ ಇಂಧನ ಕಡಿಮೆಯಾದರೆ ಶಕ್ತಿ ತಗ್ಗುತ್ತದೆ, ಹೆಚ್ಚಾದರೆ ಕಪ್ಪು ಹೊಗೆ ಬರುತ್ತದೆ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ‘ಮೈಕೊ’ ಎಂದೇ ಮನೆಮಾತಾದ, ೨೦೦೮ರಲ್ಲಿ ಬಾಷ್ ಎಂಬ ಹೆಸರು ತಳೆದ ಕಾರ್ಖಾನೆಯ ಡೀಸೆಲ್ ಪಂಪುಗಳನ್ನು ನಮ್ಮ ನಾಡಿನ ಲಾರಿ ಚಾಲಕರೆಲ್ಲ ಬಲ್ಲರು. ಟರ್ಬೊ ಲಾರಿಗಳ ಹಳೆಯ ಮಾದರಿಯ ಪಂಪುಗಳ ನೆತ್ತಿಯ ಮೇಲೆ ಒಂದು ರಬ್ಬರಿನ ಪೊರೆ ಇರುತ್ತಿತ್ತು. ಟರ್ಬೊ ಗಾಳಿಯ ಒತ್ತಡವು ಏರಿದಂತೆ ಅದು ಬಾಗಿ, ಹೆಚ್ಚು ಡೀಸೆಲನ್ನು ಬಿಡುತ್ತಿತ್ತು. ಗಾಳಿಯನ್ನು ನೋಡಿ ಇಂಧನವನ್ನು ಅಳೆಯಬೇಕೆಂಬ ಈ ತತ್ತ್ವವೇ ಪೆಟ್ರೋಲ್ ಎಂಜಿನಿಗೂ ಆಧಾರ. ಇಲ್ಲಿ ತಪ್ಪಿದರೆ ದಂಡ ಮಾತ್ರ ಹೆಚ್ಚು.

ಎಷ್ಟು ಪೆಟ್ರೋಲು ಬೇಕು?

೪೦೦ ಅಶ್ವಶಕ್ತಿ ಎಂದರೆ ಸುಮಾರು ೩೦೦ ಕಿಲೋವಾಟ್. ಪೂರ್ಣ ಶಕ್ತಿಯಲ್ಲಿ ಓಡುವ ಇಂತಹ ಎಂಜಿನು ಪೆಟ್ರೋಲಿನ ಶಕ್ತಿಯ ಕಾಲು ಭಾಗವನ್ನು ಮಾತ್ರ ಚಕ್ರಗಳ ಕಡೆಗೆ ಕಳುಹಿಸುತ್ತದೆಂದು ಇಟ್ಟುಕೊಳ್ಳೋಣ. ಹಾಗಾದರೆ ಇಂಧನದಿಂದ ೧೨೦೦ ಕಿಲೋವಾಟ್ ಬರಬೇಕು. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು ೪೩,೦೦೦ ಕಿಲೋಜೂಲ್ ಶಕ್ತಿಯಿದೆ. ಭಾಗಿಸಿದರೆ ಸೆಕೆಂಡಿಗೆ ೨೮ ಗ್ರಾಂ, ಗಂಟೆಗೆ ಸುಮಾರು ೧೦೦ ಕಿಲೋಗ್ರಾಂ, ಎಂದರೆ ಹತ್ತಿರ ಹತ್ತಿರ ೧೩೫ ಲೀಟರು.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ನಮ್ಮ ದೇಶದ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಲಾಯಿತು. ಎಥನಾಲಿನ ಅಣುವಿನಲ್ಲಿ ಮೊದಲೇ ಆಮ್ಲಜನಕವಿರುವುದರಿಂದ ಒಂದು ಲೀಟರಿನಲ್ಲಿ ದೊರೆಯುವ ಶಾಖವು ಕಡಿಮೆ. ಅದೇ ಕೆಲಸಕ್ಕೆ ಈ ಮಿಶ್ರಣವು ನೂರಕ್ಕೆ ಏಳೆಂಟು ಪಾಲು ಹೆಚ್ಚಾಗಿ ಬೇಕು. ೧೩೫ ಇದ್ದುದು ೧೪೫ ಆಯಿತು. ಪಂಪು ಹಳತಾಗುವುದು, ಜಾಲರಿಯಲ್ಲಿ ಕಸ ಕಟ್ಟುವುದು ಇವಕ್ಕಾಗಿ ಇನ್ನೂ ಕಾಲು ಭಾಗದಷ್ಟು ಸೇರಿಸಿದರೆ ಗಂಟೆಗೆ ೧೮೦ ಲೀಟರು. ಇದು ನಮ್ಮ ಗುರಿ.

ಪೆಟ್ಟಿಗೆಯ ಮೇಲಿನ ಅಂಕೆ

ಅಂಗಡಿಯಲ್ಲಿ ‘ಗಂಟೆಗೆ ೨೫೫ ಲೀಟರು’ ಎಂದು ಬರೆದ ಪಂಪು ಸಿಗುತ್ತದೆ. ಹಾಗಾದರೆ ಧಾರಾಳವಾಯಿತಲ್ಲ ಎಂದು ನನ್ನ ವಿದ್ಯಾರ್ಥಿಯು ಹಿಗ್ಗಿದನು. ಆಗ ನಾನು ಅವನ ಮನೆಯ ಅಡಿಕೆ ತೋಟವನ್ನು ನೆನಪಿಸಿದೆನು. ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣವನ್ನು ಹೊಡೆಯುವಾಗ, ನೆಲದ ಮೇಲೆ ರಭಸವಾಗಿ ಚಿಮ್ಮುವ ಅದೇ ಪಂಪು ಮರದ ತುದಿಗೆ ಕೊಳವೆಯನ್ನು ಏರಿಸಿದಾಗ ಎಷ್ಟು ಸೊರಗುತ್ತದೆ! ಎದುರಿನ ಒತ್ತಡವು ಹೆಚ್ಚಿದಷ್ಟೂ ಹರಿವು ಕಡಿಮೆ. ಪೆಟ್ಟಿಗೆಯ ಮೇಲಿನ ಅಂಕೆಯು ಸಾಮಾನ್ಯವಾಗಿ ೩ ಬಾರ್ ಒತ್ತಡಕ್ಕೆ ಸಂಬಂಧಿಸಿದ್ದು. ಒಂದು ಬಾರ್ ಎಂದರೆ ಹೆಚ್ಚು ಕಡಿಮೆ ಸಮುದ್ರಮಟ್ಟದ ವಾಯುಭಾರ.

ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರಿನ ತುದಿಯು ಗಾಳಿಯ ನಾಳದೊಳಗೆ ಇರುತ್ತದೆ. ಟರ್ಬೊ ಆ ನಾಳದಲ್ಲಿ ೧.೫ ಬಾರ್ ಒತ್ತಡವನ್ನು ತುಂಬಿದಾಗ, ಹಿಂದಿನಿಂದ ೩ ಬಾರ್ ಮಾತ್ರ ತಳ್ಳುತ್ತಿದ್ದರೆ ನಿಜವಾಗಿ ಉಳಿಯುವ ವ್ಯತ್ಯಾಸ ೧.೫ ಬಾರ್. ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣವು ಒತ್ತಡದ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುತ್ತದೆ. ಆದಕಾರಣ ಹರಿವು ನೂರರಲ್ಲಿ ೭೧ಕ್ಕೆ ಇಳಿಯುತ್ತದೆ. ಅದೂ ಎಂಜಿನಿಗೆ ಅತಿ ಹೆಚ್ಚು ಪೆಟ್ರೋಲು ಬೇಕಾದ ಗಳಿಗೆಯಲ್ಲಿ. ಇದನ್ನು ತಪ್ಪಿಸಲು ಒತ್ತಡ ನಿಯಂತ್ರಕಕ್ಕೆ ಗಾಳಿಯ ನಾಳದಿಂದ ಒಂದು ಸಣ್ಣ ಕೊಳವೆಯನ್ನು ಜೋಡಿಸುತ್ತಾರೆ. ಗಾಳಿ ೧.೫ ಏರಿದರೆ ಪೆಟ್ರೋಲಿನ ಒತ್ತಡವೂ ೧.೫ ಏರಿ ೪.೫ ಬಾರ್ ಆಗುತ್ತದೆ. ಆ ಒತ್ತಡದಲ್ಲಿ ನಮ್ಮ ೨೫೫ರ ಪಂಪು ೨೨೦ ಲೀಟರನ್ನಷ್ಟೇ ಕೊಡುತ್ತದೆಂದು ಇಟ್ಟುಕೊಳ್ಳೋಣ. ನಿಜವಾದ ಅಂಕೆಯನ್ನು ತಯಾರಕರು ಕೊಡುವ ನಕ್ಷೆಯಲ್ಲಿ ನೋಡಿಯೇ ತಿಳಿಯಬೇಕು.

ಮುಂದಿನ ಶತ್ರು ತಂತಿ. ಸಂಜೆ ಊರಿನಲ್ಲಿ ವೋಲ್ಟೇಜು ಇಳಿದಾಗ ಬಾವಿಯ ಪಂಪು ಹೇಗೆ ಮೆತ್ತಗಾಗುವುದೋ, ಕಾರಿನ ಪಂಪೂ ಹಾಗೆಯೇ. ಪಂಪು ೧೪ ಆಂಪಿಯರ್ ಎಳೆಯುತ್ತಿದ್ದು, ಹಳೆಯ ಸಪೂರ ತಂತಿಯ ರೋಧವು ಓಮಿನ ಹತ್ತರಲ್ಲಿ ಒಂದು ಭಾಗವಿದ್ದರೂ ೧.೪ ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ೧೩.೫ ಇರಬೇಕಾದಲ್ಲಿ ೧೨.೧ ಮಾತ್ರ ತಲಪುತ್ತದೆ. ೨೨೦ ಲೀಟರು ೧೯೦ರ ಆಸುಪಾಸಿಗೆ ಇಳಿದರೆ ಆಶ್ಚರ್ಯವಿಲ್ಲ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯನ್ನೂ ರಿಲೇಯನ್ನೂ ಹಾಕಿಸಿದರೆ ಸ್ವಲ್ಪ ಖರ್ಚಿನಲ್ಲಿ ಆ ೩೦ ಲೀಟರು ಮರಳಿ ದೊರೆಯುತ್ತದೆ.

ಒಂದೋ, ಎರಡೋ?

ಹಾಗಿದ್ದರೆ ಮೊದಲೇ ಭಾರಿ ಪಂಪನ್ನು ಹಾಕಿಬಿಡಬಾರದೇಕೆ? ಇಲ್ಲಿ ಶಾಖದ ಪ್ರಶ್ನೆ ಬರುತ್ತದೆ. ೧೩.೫ ವೋಲ್ಟ್, ೧೪ ಆಂಪಿಯರ್ ಎಂದರೆ ಸುಮಾರು ೧೯೦ ವಾಟ್. ೪.೫ ಬಾರ್ ಒತ್ತಡದಲ್ಲಿ ಗಂಟೆಗೆ ೨೨೦ ಲೀಟರು ತಳ್ಳುವುದಕ್ಕೆ ನಿಜವಾಗಿ ಬೇಕಾದುದು ೨೭ ವಾಟಿನಷ್ಟು, ಏಳರಲ್ಲಿ ಒಂದು ಪಾಲು. ಉಳಿದುದೆಲ್ಲ ಪೆಟ್ರೋಲನ್ನು ಬಿಸಿಮಾಡುತ್ತದೆ. ಎಂಜಿನು ಬಳಸದ ಪೆಟ್ರೋಲು ಟಾಂಕಿಗೆ ಮರಳುವಾಗ ಆ ೨೭ ವಾಟೂ ಶಾಖವಾಗುತ್ತದೆ. ಟಾಂಕಿಯಲ್ಲಿ ೧೦ ಲೀಟರು ಮಾತ್ರ ಇದ್ದು, ಶಾಖವು ಹೊರಗೆ ಹೋಗದಿದ್ದರೆ, ಹತ್ತು ನಿಮಿಷಕ್ಕೆ ೭ ಡಿಗ್ರಿ ಏರುವುದು. ಬೇಸಿಗೆಯ ಕರಾವಳಿಯಲ್ಲಿ ಈ ಏರಿಕೆಯು ಪೆಟ್ರೋಲಿನ ಹಗುರವಾದ ಅಂಶಗಳನ್ನು ಗುಳ್ಳೆಗಟ್ಟಿಸಲು ಸಾಕು. ಗುಳ್ಳೆಯನ್ನು ನುಂಗಿದ ಪಂಪು ದ್ರವವನ್ನು ತಳ್ಳಲಾರದು.

ಆದ್ದರಿಂದ ಹೆಚ್ಚಿನ ಶಕ್ತಿಯ ಗಾಡಿಗಳಲ್ಲಿ ಎರಡು ಪಂಪುಗಳನ್ನು ಸಮಾಂತರವಾಗಿ ಜೋಡಿಸುವುದುಂಟು. ಒಂದು ಸದಾ ಓಡುತ್ತದೆ. ಟರ್ಬೊ ಒತ್ತಡವು ಏರಿದಾಗ ಮಾತ್ರ ಎರಡನೆಯದು ಚಾಲೂ ಆಗುತ್ತದೆ. ಸಮಾಂತರ ಜೋಡಣೆಯಲ್ಲಿ ಹರಿವು ಕೂಡುತ್ತದೆ, ಸರಣಿ ಜೋಡಣೆಯಲ್ಲಿ ಒತ್ತಡ ಕೂಡುತ್ತದೆ. ವಿದ್ಯುತ್ಕೋಶಗಳ ಪಾಠವನ್ನು ವಿದ್ಯಾರ್ಥಿಗಳು ನೆನೆಯಬಹುದು. ಒಂದು ನಿಂತರೆ ಇನ್ನೊಂದರ ಪೆಟ್ರೋಲು ಅದರ ಮೂಲಕ ಹಿಂದಕ್ಕೆ ಹರಿಯದಂತೆ ಎರಡಕ್ಕೂ ಏಕಮುಖ ಕವಾಟವಿರಬೇಕು. ಆದರೆ ಈ ಏರ್ಪಾಡಿನಲ್ಲಿ ಒಂದು ಗುಪ್ತ ಅಪಾಯವಿದೆ. ಎರಡನೆಯ ಪಂಪು ಕೆಟ್ಟುಹೋದರೆ ಪೇಟೆಯಲ್ಲಿ ಓಡಿಸುವಾಗ ಯಾರಿಗೂ ತಿಳಿಯದು. ಪೂರ್ಣ ಶಕ್ತಿಯನ್ನು ಕೇಳಿದ ಕ್ಷಣವೇ ತಿಳಿಯುವುದು, ಆಗ ಪಿಸ್ಟನ್ ಕರಗುತ್ತಿರುತ್ತದೆ. ಪೆಟ್ರೋಲಿನ ಒತ್ತಡವನ್ನು ಸದಾ ಅಳೆಯುತ್ತ, ಅದು ಕುಸಿದೊಡನೆ ಟರ್ಬೊವನ್ನು ತಗ್ಗಿಸುವ ಸಂವೇದಕವಿಲ್ಲದೆ ಎರಡು ಪಂಪುಗಳ ಸಹವಾಸಕ್ಕೆ ಹೋಗಬಾರದು. ಒಂದೇ ಪಂಪಿದ್ದರೂ ಈ ಕಾವಲು ಒಳ್ಳೆಯದೇ.

ನಮ್ಮ ಲೆಕ್ಕದ ೧೮೦ ಲೀಟರಿಗೆ ಸರಿಯಾದ ತಂತಿಯುಳ್ಳ ಒಂದೇ ಪಂಪು ಸಾಕು. ೬೦೦ ಅಶ್ವಶಕ್ತಿಯ ಆಸೆಯಾದರೆ ೨೭೦ ಲೀಟರು ಬೇಕಾಗಿ, ಇದೇ ಪಂಪು ಸಾಲದೆ ಹೋಗುತ್ತದೆ.

ಘಟ್ಟದ ತಿರುವಿನಲ್ಲಿ

ಪಂಪು ತಳ್ಳುವುದರಲ್ಲಿ ಶೂರ, ಎಳೆಯುವುದರಲ್ಲಿ ಹೇಡಿ. ಬಾವಿಯ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸುವುದು ಇದಕ್ಕಾಗಿಯೇ. ಕಾರಿನಲ್ಲಿ ಪಂಪು ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಕಿಡಿ ಹಾರುವ ಮೋಟಾರು ಪೆಟ್ರೋಲಿನೊಳಗೆ ಇದ್ದರೂ ಬೆಂಕಿ ಹೊತ್ತುವುದಿಲ್ಲ. ಉರಿಯಲು ಬೇಕಾದ ಗಾಳಿ ಅಲ್ಲಿಲ್ಲ. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಟಾಂಕಿಯನ್ನು ಸದಾ ಬರಿದು ಮಾಡಿ ಓಡಿಸುವವರ ಪಂಪು ಬೇಗ ಸಾಯುತ್ತದೆ.

೨೫ ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ತಿರುಗಿದರೆ ಪಕ್ಕದ ವೇಗೋತ್ಕರ್ಷವು ಗುರುತ್ವದ ಅರ್ಧದಷ್ಟಾಗುತ್ತದೆ. ಆಗ ಟಾಂಕಿಯ ಪೆಟ್ರೋಲಿನ ಮೇಲ್ಮೈ ೨೭ ಡಿಗ್ರಿ ಓರೆಯಾಗುತ್ತದೆ. ಅರ್ಧ ಬರಿದಾದ ಟಾಂಕಿಯಲ್ಲಿ ಪೆಟ್ರೋಲೆಲ್ಲ ಒಂದು ಮೂಲೆಗೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಇದಕ್ಕಾಗಿ ಪಂಪಿನ ಸುತ್ತಲೂ ಸದಾ ತುಂಬಿರುವ ಒಂದು ಬಟ್ಟಲನ್ನು ಇಡುತ್ತಾರೆ. ಟಾಂಕಿಯಲ್ಲಿ ಪೆಟ್ರೋಲು ಇತ್ತಲ್ಲ ಎಂಬ ನನ್ನ ವಿದ್ಯಾರ್ಥಿಯ ಮಾತು ನಿಜ. ಟಾಂಕಿಯಲ್ಲಿ ಇತ್ತು, ದಣಿದ ಪಂಪಿನ ಬಾಯಿಯಲ್ಲಿ ಇತ್ತೇ ಎಂಬುದು ಬೇರೆ ಪ್ರಶ್ನೆ.

ಕೊನೆಗೆ ಒಂದು ಎಚ್ಚರಿಕೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದನ್ನು ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು ನಿರ್ಬಂಧಿಸುತ್ತದೆ. ಇಂತಹ ಗಾಡಿಗೆ ಪಂದ್ಯದ ಹಾದಿಯೇ ಸ್ಥಳ, ಘಟ್ಟದ ರಸ್ತೆಯಲ್ಲ. ಇನ್ನು ಮುಂದೆ ಕಾರನ್ನು ಲಾರಿಯ ಮೇಲೆ ಹೇರಿಯೇ ಪಂದ್ಯಕ್ಕೆ ಒಯ್ಯುವೆನೆಂದು ಅವನು ಒಪ್ಪಿದನು. ಲೆಕ್ಕದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಪಿಸ್ಟನ್ನನ್ನು ನನ್ನಲ್ಲೇ ಬಿಟ್ಟು ಹೋದನು. ಅದೀಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಒತ್ತಡ, ಹರಿವು, ರೋಧ ಇವುಗಳ ಪಾಠ ಬಂದಾಗಲೆಲ್ಲ ಅದನ್ನು ತೆಗೆದು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ.