ಬಾಯಿ ತೆರೆದು ಮಲಗುವ ಮಕ್ಕಳು

ಮಗುವು ಗೊರಕೆ ಹೊಡೆಯುತ್ತ ಮಲಗಿದರೆ, “ಆಡಿ ದಣಿದಿದೆ, ಒಳ್ಳೆಯ ನಿದ್ದೆ” ಎಂದು ಮನೆಯ ಹಿರಿಯರು ಸಂತೋಷಪಡುವುದುಂಟು. ನೆಗಡಿಯಿದ್ದಾಗ ನಾಲ್ಕು ದಿನ ಹೀಗಾದರೆ ಚಿಂತೆಯಿಲ್ಲ. ನೆಗಡಿಯಿಲ್ಲದಾಗಲೂ ದಿನದಿನವೂ ತುಟಿ ತೆರೆದು ಗೊರಕೆ ಹೊಡೆಯುವ ಮಗುವಿನ ವಿಷಯದಲ್ಲಿ ಮಾತ್ರ ನಾವು ಉದಾಸೀನರಾಗಿರಲಾಗದು. ಅದರ ಉಸಿರಿಗೂ ಬೆಳೆಯುತ್ತಿರುವ ದವಡೆಗೂ ನಂಟುಂಟು.

ಬಾಯಿ ಮುಚ್ಚಿರುವಾಗ ನಾಲಗೆಯು ಅಂಗುಳಿಗೆ ತಾಗಿಕೊಂಡು ಮೇಲ್ದವಡೆಗೆ ಒಳಗಿನಿಂದ ಆಸರೆಯಾಗಿರುತ್ತದೆ. ಕೆನ್ನೆಗಳು ಹೊರಗಿನಿಂದ ಒತ್ತುತ್ತಿರುತ್ತವೆ. ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬುದೊಂದು ಗ್ರಂಥಿಯಿದೆ. ಇದು ಬೆಳೆದು ಮೂಗನ್ನು ಕಟ್ಟಿ ಮಾಡುವ ಉಪದ್ರವವನ್ನು ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರನು ೧೮೬೮ರಲ್ಲಿ ವಿವರಿಸಿದನು. ಮೂಗು ಕಟ್ಟಿದ ಮಗು ಬಾಯಿಂದ ಉಸಿರಾಡುತ್ತದೆ, ನಾಲಗೆ ಕೆಳಗಿಳಿಯುತ್ತದೆ, ಕೆನ್ನೆಗಳ ಒತ್ತಡವೇ ಗೆಲ್ಲುತ್ತದೆ. ಕಾಲಕ್ರಮದಲ್ಲಿ ಮೇಲ್ದವಡೆ ಇಕ್ಕಟ್ಟಾಗಿ ಅಂಗುಳು ಮೇಲೇರಬಹುದು. ಕೆಳದವಡೆ ಜಾರಿ ಮುಖ ನೀಳವಾಗಬಹುದು. ಮುಂಬಲ್ಲುಗಳು ಒಂದಕ್ಕೊಂದು ಕೂಡದಿರಬಹುದು. ಅಂಗುಳೇ ಮೂಗಿನ ನೆಲವಾದುದರಿಂದ, ಅದು ಕಿರಿದಾದರೆ ಉಸಿರಿನ ದಾರಿಯೂ ಮತ್ತಷ್ಟು ಕಿರಿದಾಗುತ್ತದೆ. ಅಮೆರಿಕದಲ್ಲಿ ಹಾರ್ವೋಲ್ಡ್ ಎಂಬವರು ಎಳೆಯ ಕೋತಿಗಳ ಮೂಗನ್ನು ಕಟ್ಟಿ ನೋಡಿದರು. ಅವುಗಳ ಹಲ್ಲಿನ ಜೋಡಣೆ ಕೆಟ್ಟಿತೆಂದು ೧೯೮೧ರಲ್ಲಿ ಪ್ರಕಟಿಸಿದರು. ಪಾಪ, ಆ ಮೂಕಪ್ರಾಣಿಗಳು!

ಹಾಗೆಂದು ಸೊಟ್ಟಹಲ್ಲುಗಳಿಗೆಲ್ಲ ನಿದ್ದೆಯ ಉಸಿರೇ ಕಾರಣವೆನ್ನುವುದು ತಪ್ಪು. ವಂಶಗುಣವುಂಟು, ಬೆರಳು ಚೀಪುವ ಚಾಳಿಯುಂಟು. ಹಲ್ಲು ನೋಡಿದ ಮಾತ್ರಕ್ಕೆ ಉಸಿರಿನ ರೋಗವನ್ನು ನಿಶ್ಚಯಿಸಲೂ ಬಾರದು. ಅದಕ್ಕೆ ರಾತ್ರಿಯಿಡೀ ನಡೆಯುವ ನಿದ್ರಾಪರೀಕ್ಷೆ ಬೇಕು. ಜಾರ್ಜ್ ಕ್ಯಾಟ್ಲಿನ್ ಎಂಬ ಚಿತ್ರಕಾರನು ೧೮೬೨ರ ತನ್ನ ಪುಸ್ತಕದಲ್ಲಿ, ಅಮೆರಿಕದ ಮೂಲನಿವಾಸಿ ತಾಯಂದಿರು ಮಲಗಿದ ಕೂಸಿನ ತುಟಿಗಳನ್ನು ಕೂಡಿಸುವುದನ್ನು ಬಲುವಾಗಿ ಕೊಂಡಾಡಿದ್ದಾನೆ. ಮೂಗು ಕಟ್ಟಿದ ಮಗುವಿಗೆ ಇದನ್ನು ಮಾಡಲೇಕೂಡದು. ಬಾಯಿಗೆ ಪಟ್ಟಿ ಅಂಟಿಸುವುದಂತೂ ಅಪಾಯಕರ.

ಚಿಕಿತ್ಸೆಯಲ್ಲಿ ಆತುರವೂ ಸಲ್ಲದು, ಅಲಕ್ಷ್ಯವೂ ಸಲ್ಲದು. ನಿದ್ದೆಯಲ್ಲಿ ಉಸಿರು ತಡೆಯುತ್ತಿದ್ದ, ೫ರಿಂದ ೯ ವರ್ಷದ ೪೬೪ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ ೨೦೧೩ರಲ್ಲಿ ಹೊರಬಿತ್ತು. ಟಾನ್ಸಿಲ್, ಅಡಿನಾಯ್ಡ್‌ಗಳನ್ನು ತೆಗೆಸಿಕೊಂಡವರಲ್ಲಿ ನೂರಕ್ಕೆ ೭೯ ಮಂದಿಯ ನಿದ್ರೆಯ ಉಸಿರು ಏಳು ತಿಂಗಳಲ್ಲಿ ಸರಿಹೋಗಿತ್ತು. ಸುಮ್ಮನೆ ಕಾದವರಲ್ಲಿಯೂ ೪೬ ಮಂದಿಗೆ ಸರಿಹೋಗಿತ್ತು. ಮೇಲ್ದವಡೆ ನಿಜವಾಗಿಯೂ ಇಕ್ಕಟ್ಟಾಗಿದ್ದರೆ ಅದನ್ನು ಮೆಲ್ಲನೆ ಅಗಲಿಸುವ ಸಾಧನಗಳಿವೆ; ಅಂಗುಳಿನ ನಡುಬೆಸುಗೆ ಬಿಗಿಯುವ ಮುನ್ನ, ಎಳವೆಯಲ್ಲಿಯೇ, ಅವು ಚೆನ್ನಾಗಿ ಕೆಲಸಮಾಡುತ್ತವೆ.

ಉಸಿರು ನಡುನಡುವೆ ನಿಂತು ಮತ್ತೆ ಏದುಸಿರಾಗುವುದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು, ಹಗಲಿನಲ್ಲಿ ಅಕಾರಣವಾದ ಸಿಡುಕು: ಇವು ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ವೈದ್ಯರೆದುರು ಮಗು ಎಚ್ಚರವಾಗಿಯೇ ಇರುವುದಷ್ಟೆ! ಆದಕಾರಣ ಅದು ಮಲಗಿರುವಾಗಲೇ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರಿಸಿಕೊಂಡು ಹೋಗಿ ತೋರಿಸಿದರೆ ಅವರಿಗೆ ಬಹಳ ಅನುಕೂಲವಾಗುವುದು.