ಚಿತ್ರದಿಂದ ಅಳಿಸಿದ ನೂಲು

ನಮ್ಮ ಹಿತ್ತಲಿಗೆ ಹಿತ್ತಲೆಂಬುದು ಹೆಸರಿಗಷ್ಟೇ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿದ ಒಂದು ಪಟ್ಟಿ ನೆಲ ಅದು. ಅಲ್ಲಿ ಒಂದು ಸೀಬೆಮರ, ಒಂದು ದಾಸವಾಳ, ಬಟ್ಟೆ ಒಗೆಯುವ ಕಲ್ಲು. ಕಾಂಪೌಂಡ್ ಗೋಡೆಯ ಮೇಲೆ ನೀರು ತುಂಬಿಟ್ಟ ಮಣ್ಣಿನ ತಟ್ಟೆ. ಇಷ್ಟಕ್ಕೇ ಹಕ್ಕಿಗಳು ಸಂತೃಪ್ತವಾಗಿರುವುದು ನನಗೆ ಇಂದಿಗೂ ಅಚ್ಚರಿ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಕೆಮ್ಮೀಸೆ ಪಿಕಳಾರಗಳು ಜೋಡಿಯಾಗಿ ಬರುತ್ತವೆ. ಸೂರಕ್ಕಿ ದಾಸವಾಳದ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಕದಿಯುತ್ತದೆ. ಗೊರವಂಕಗಳ ಜೋಡಿಯೊಂದು ತಟ್ಟೆಯ ನೀರನ್ನೆಲ್ಲ ಚೆಲ್ಲಿ ಸ್ನಾನ ಮುಗಿಸಿ ಹೋಗುತ್ತದೆ.

ಹಿತ್ತಲಿಗೆ ಮುಖ ಮಾಡಿದ ಕೋಣೆಯ ಕಿಟಕಿಯೇ ನನ್ನ ಮರೆ. ಕಾಡಿನ ಛಾಯಾಗ್ರಾಹಕರು ಎಲೆ, ಬಟ್ಟೆಗಳಿಂದ ಕಷ್ಟಪಟ್ಟು ಕಟ್ಟಿಕೊಳ್ಳುವ ಅಡಗುತಾಣ ನನಗೆ ಮನೆಯಲ್ಲೇ ಸಿಕ್ಕಿದೆ. ಬಾಗಿಲು ತೆರೆದರೆ ಹಾರಿಹೋಗುವ ಹಕ್ಕಿ ಗಾಜಿನ ಹಿಂದಿರುವ ಮನುಷ್ಯನನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆದರೆ ಗಾಜು ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಕೋಣೆಯ ದೀಪ, ನನ್ನ ಬಿಳಿ ಅಂಗಿ, ಹಿಂದಿನ ಗೋಡೆಯ ಕ್ಯಾಲೆಂಡರ್ ಎಲ್ಲವೂ ಚಿತ್ರದೊಳಗೆ ನುಸುಳುತ್ತವೆ. ಹೀಗಾಗಿ ದೀಪ ಆರಿಸಿ, ಕಪ್ಪು ಬಟ್ಟೆ ಹೊದ್ದು, ಕಿಟಕಿಯ ಸರಳುಗಳ ನಡುವೆ ಮಸೂರವನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಕೂರುವುದನ್ನು ಕಲಿತೆ. ನೇರವಾಗಿ ನೋಡಬೇಕು, ಓರೆಯಾಗಿ ನೋಡಿದರೆ ಗಾಜು ಹಕ್ಕಿಯ ಗರಿಯ ಅಂಚನ್ನು ಕಲಸಿಬಿಡುತ್ತದೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಇದೆಯಲ್ಲ ಎನ್ನಬಹುದು. ಅದು ಚೆನ್ನಾಗಿ ಕೆಲಸ ಮಾಡುವುದು ಗಾಜನ್ನು ಓರೆಯಾಗಿ ನೋಡಿದಾಗಲೇ. ನೇರ ನೋಟಕ್ಕೆ ಅದರಿಂದ ಉಪಯೋಗವಿಲ್ಲ.

ಇಷ್ಟಾದರೂ ಚಿತ್ರ ಮಂಕಾಗಿಯೇ ಬರುತ್ತದೆ. ಸಾಮಾನ್ಯ ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ಬಣ್ಣಗಳಿಗೆ ತೆಳು ಹಸಿರು ಲೇಪ ಬೀಳುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತಿದ್ದಬೇಕು. ಸೆನ್ಸರ್ ಗ್ರಹಿಸಿದ ಬೆಳಕಿನ ಮಾಹಿತಿಯನ್ನು ಹಾಗೆಯೇ ಉಳಿಸಿಕೊಡುವ 'ರಾ' ಕಡತದಲ್ಲಿ ಚಿತ್ರ ತೆಗೆದರೆ ಬಿಳುಪನ್ನು ಸರಿಪಡಿಸಿ, ಕಪ್ಪನ್ನು ಗಾಢಗೊಳಿಸಿ, ಕಣ್ಣು ಕಂಡ ಹಕ್ಕಿಯನ್ನು ಮರಳಿ ಪಡೆಯಬಹುದು. ಇದರಲ್ಲಿ ಮೋಸವಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆಯವರಂಥ ಕನ್ನಡ ನಾಡಿನ ಹಿರಿಯರು ಹೆಸರು ಮಾಡಿದ ಫಿಲ್ಮಿನ ಕಾಲದಲ್ಲೂ, ಕತ್ತಲೆಕೋಣೆಯಲ್ಲಿ ಮುದ್ರಿಸುವಾಗ ಒಂದೆಡೆ ಬೆಳಕು ತಡೆದು, ಇನ್ನೊಂದೆಡೆ ಹೆಚ್ಚು ಬೆಳಕು ಬಿಟ್ಟು ಚಿತ್ರವನ್ನು ಹದಗೊಳಿಸುವುದು ವಾಡಿಕೆಯಾಗಿತ್ತು.

ಮುಂದಿನ ಹೆಜ್ಜೆಯೇ ಜಾರುವಂಥದ್ದು. ತಿದ್ದಲು ಕುಳಿತವನಿಗೆ ಅಳಿಸುವ ಆಸೆ ಹುಟ್ಟುತ್ತದೆ. ಹಕ್ಕಿಯ ಹಿಂದೆ ಹಾದುಹೋದ ಕೇಬಲ್ ತಂತಿ, ಪಕ್ಕದ ಮನೆಯ ನೀಲಿ ಪ್ಲಾಸ್ಟಿಕ್ ಪೈಪು, ಒಣಹಾಕಿದ ಟವೆಲ್ಲು ಎಲ್ಲವೂ ಮೌಸಿನ ಒಂದೆರಡು ಒತ್ತುಗಳಲ್ಲಿ ಮಾಯ. ಹೀಗೆ ನಾನು ತೆಗೆದ ಚಿತ್ರಗಳನ್ನು ಕಂಡ ನೆಂಟರು, 'ಯಾವ ಕಾಡು ಇದು?' ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನಾನು ಹೊಗಳಿಕೆಯೆಂದೇ ಭಾವಿಸಿದ್ದೆ.

2023ರ ಜುಲೈ ಮೊದಲ ವಾರ. ಆಷಾಢದ ಗಾಳಿ, ಮೋಡದ ಮೆದು ಬೆಳಕು. ಸ್ನಾನ ಮುಗಿಸಿದ ಗೊರವಂಕವೊಂದು ಗೋಡೆಯ ಮೇಲೆ ಗರಿ ಕೆದರಿಕೊಂಡು ನಿಂತಿತ್ತು. ಅಂಥ ಚಿತ್ರ ನನಗೆ ಅದುವರೆಗೂ ಸಿಕ್ಕಿರಲಿಲ್ಲ. ಸಂಜೆ ಅದನ್ನು ದೊಡ್ಡದಾಗಿ ಹಿಗ್ಗಿಸಿ, ಗರಿಗರಿಯನ್ನೂ ಪರೀಕ್ಷಿಸಿ ತಿದ್ದಿದೆ. ಎಡಗಾಲಿನ ಬಳಿ ಬೂದು ಬಣ್ಣದ ಎಳೆಯೊಂದು ಕಂಡಿತು. ಜೇಡರ ಬಲೆಯೋ ನಾರೋ ಇರಬೇಕೆಂದುಕೊಂಡು, ಕಾಲಿನ ಹಳದಿ ಕೆಡದಂತೆ ಜೋಪಾನವಾಗಿ ಅಳಿಸಿದೆ. ಚಿತ್ರವನ್ನು ಮುದ್ರಿಸಿ, ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೂ ಆಯಿತು.

ಮೂರು ವಾರಗಳ ನಂತರ ಅಮ್ಮ ಅಡುಗೆಮನೆಯಿಂದ ಕೂಗಿ ಹೇಳಿದರು: 'ಆ ಗೊರವಂಕ ಎಡಗಾಲು ಊರುತ್ತಲೇ ಇಲ್ಲ, ನೋಡಿದೆಯೇನೋ?' ಮಸೂರದಲ್ಲಿ ನೋಡಿದೆ. ನೈಲಾನ್ ನೂಲೊಂದು ಬೆರಳುಗಳನ್ನು ಸುತ್ತಿ ಬಿಗಿದಿತ್ತು. ಎರಡು ಬೆರಳು ಕಪ್ಪಾಗಿ ಬಾಡಿದ್ದವು. ಹಳೆಯ ಮೂಲ ಕಡತವನ್ನು ತೆರೆದೆ. ಅದೇ ಎಡಗಾಲು, ಅದೇ ನೂಲು, ಆಗಿನ್ನೂ ಸಡಿಲವಾಗಿತ್ತು. ಇಂಥ ನೂಲು ನಡೆದಂತೆಲ್ಲ ಬಿಗಿಯುತ್ತದೆ, ರಕ್ತಸಂಚಾರ ನಿಲ್ಲಿಸುತ್ತದೆ, ಕೊನೆಗೆ ಬೆರಳು ಉದುರುತ್ತದೆ. ಗಾಳಿಪಟದ್ದೋ, ಮೂಟೆ ಹೊಲಿದದ್ದೋ ತಿಳಿಯದು. ಗಾಳಿಪಟದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದೇಶ ಕಾಗದದಲ್ಲಿದೆ, ನೂಲು ಮರಗಳಲ್ಲಿದೆ.

ಹಕ್ಕಿಗಳನ್ನು ರಕ್ಷಿಸುವವರಿಗೆ ಫೋನ್ ಮಾಡಿದೆ. ಹಾರಬಲ್ಲ ಹಕ್ಕಿಯನ್ನು ಹಿಡಿಯುವುದು ಸುಲಭವಲ್ಲ, ಬೇಗ ತಿಳಿದಿದ್ದರೆ ಬಲೆ ಹಾಕಿ ಪ್ರಯತ್ನಿಸಬಹುದಿತ್ತು ಎಂದರು. ಎರಡು ದಿನ ಬಂದು ಕಾದರು, ಹಕ್ಕಿ ಸಿಗಲಿಲ್ಲ. ಬೆರಳುಗಳು ಉದುರಿದವು. ಕುಂಟುತ್ತಲೇ ಅದು ಆ ವರ್ಷದ ದೀಪಾವಳಿಯವರೆಗೂ ತಟ್ಟೆಗೆ ಬರುತ್ತಿತ್ತು. ಅನಂತರ ಜೋಡಿಯಲ್ಲಿ ಒಂದೇ ಬರತೊಡಗಿತು.

ನಾನು ನೋಡಿರಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ನಾನು ನೋಡಿದ್ದೆ, ಹಿಗ್ಗಿಸಿ ನೋಡಿದ್ದೆ. ಆದರೆ ನೋಡಿದ್ದನ್ನು ಹಕ್ಕಿಯ ಸಂಕಟವೆಂದು ತಿಳಿಯದೆ ಚಿತ್ರದ ಕೊಳೆಯೆಂದು ತಿಳಿದೆ.

ಅಳಿಸುವ ಚಟ ನನ್ನೊಬ್ಬನದಲ್ಲ. 1982ರ ಫೆಬ್ರುವರಿಯ 'ನ್ಯಾಷನಲ್ ಜಿಯಾಗ್ರಫಿಕ್' ಮುಖಪುಟಕ್ಕೆ ಹೊಂದಿಸಲು ಈಜಿಪ್ಟಿನ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತ್ತು. ಆ ಟೀಕೆಯಿಂದ ಬಹುಕಾಲ ಹೊರಬರಲಾಗಲಿಲ್ಲ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಬಹುಮಾನಿತ ಚಿತ್ರವೊಂದು ಅನರ್ಹಗೊಂಡಿತು. ಹಿನ್ನೆಲೆಯಲ್ಲಿ ಕಂಡ ಪಾದದ ತುಣುಕೊಂದನ್ನು ಛಾಯಾಗ್ರಾಹಕ ಅಳಿಸಿದ್ದೇ ಕಾರಣ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಯಾವುದು ಸಣ್ಣದು ಎಂಬುದನ್ನು ತೀರ್ಮಾನಿಸುವ ಅಧಿಕಾರವನ್ನೇ ಆ ನಿಯಮ ನಮ್ಮಿಂದ ಕಿತ್ತುಕೊಳ್ಳುತ್ತದೆ.

ಕಾಡಿಗೆ ಹೋಗಿ ಹುಲಿಯ ಚಿತ್ರ ತೆಗೆಯುವವರಿಗಿಂತ ಹಿತ್ತಲಿನ ಛಾಯಾಗ್ರಾಹಕನಿಗೆ ಈ ಎಚ್ಚರ ಹೆಚ್ಚು ಬೇಕು. ನಗರದ ಹಕ್ಕಿ ಬದುಕುವುದೇ ನಾವು ಅಳಿಸಬಯಸುವ ವಸ್ತುಗಳ ನಡುವೆ. ತಂತಿ ಅದರ ಕೊಂಬೆ, ಪೈಪಿನ ಸಂದು ಅದರ ಗೂಡು, ಪ್ಲಾಸ್ಟಿಕ್ ಎಳೆ ಗೂಡಿನ ಹಾಸು. ಅವನ್ನೆಲ್ಲ ತೆಗೆದುಹಾಕಿ ಹಸಿರು ಹಿನ್ನೆಲೆಯಲ್ಲಿ ಹಕ್ಕಿಯೊಂದನ್ನೇ ಕೂರಿಸಿದರೆ, ಊರಿನಲ್ಲಿ ಎಲ್ಲವೂ ಕ್ಷೇಮ ಎಂಬ ಸುಳ್ಳುಸಾಕ್ಷ್ಯ ನುಡಿದಂತೆ.

ಈ ಮಾತು ಕಿಟಕಿಗೂ ಸಲ್ಲುತ್ತದೆ. ನಾನು ಕಷ್ಟಪಟ್ಟು ಚಿತ್ರದಿಂದ ನಿವಾರಿಸುವ ಪ್ರತಿಫಲನ ಗಾಜಿನ ಹೊರಮೈಯಲ್ಲಿ ಉಳಿದೇ ಇರುತ್ತದೆ. ಅಲ್ಲಿ ಆಕಾಶವಿದೆ, ಸೀಬೆಮರವಿದೆ ಎಂದು ನಂಬಿ ಹಕ್ಕಿಗಳು ಹಾರಿ ಬಂದು ಅಪ್ಪಳಿಸುತ್ತವೆ. ಅಮೆರಿಕದಲ್ಲಿ ಹೀಗೆ ಪ್ರತಿವರ್ಷ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇದರಲ್ಲಿ ಗಗನಚುಂಬಿ ಕಟ್ಟಡಗಳ ಪಾಲು ಶೇಕಡ 1ಕ್ಕಿಂತ ಕಡಿಮೆ; ಉಳಿದದ್ದೆಲ್ಲ ಸಾಮಾನ್ಯ ಮನೆಗಳದು, ತಗ್ಗು ಕಟ್ಟಡಗಳದು. ಚಿತ್ರಕ್ಕಾಗಿ ನಾನು ವಾರಕ್ಕೆರಡು ಬಾರಿ ಫಳಫಳನೆ ಒರೆಸುತ್ತಿದ್ದ ಗಾಜು ಹಕ್ಕಿಗೆ ಇನ್ನಷ್ಟು ನಂಬಿಸುವ ಆಕಾಶವಾಗಿತ್ತು.

ಪರಿಹಾರ ಕಷ್ಟದ್ದಲ್ಲ. ಗಾಜಿನ ಹೊರಮೈ ತುಂಬ ಸುಮಾರು 5 ಸೆಂಟಿಮೀಟರ್ ಅಂತರದಲ್ಲಿ ಬಿಳಿ ಚುಕ್ಕೆಗಳನ್ನು ಇಟ್ಟರೆ ಅಲ್ಲೊಂದು ತಡೆಯಿದೆಯೆಂದು ಹಕ್ಕಿಗೆ ತಿಳಿಯುತ್ತದೆ. ನಾನೂ ಇಟ್ಟಿದ್ದೇನೆ. ಬಣ್ಣದ ಡಬ್ಬಿ ಹಿಡಿದು ನಿಂತ ನನ್ನನ್ನು ಕಂಡು ಅಮ್ಮ, 'ರಂಗೋಲಿ ಹಾಕುವವನಿಗೆ ಅಂಗಳ ಸಿಗಲಿಲ್ಲವೇ?' ಎಂದು ನಕ್ಕರು. ಮಸೂರಕ್ಕೆ ತೀರ ಹತ್ತಿರವಿರುವ ಚುಕ್ಕೆ ಚಿತ್ರದಲ್ಲಿ ಚುಕ್ಕೆಯಾಗಿ ಕಾಣುವುದಿಲ್ಲ. ಚಿತ್ರಕ್ಕೆ ತುಸು ಮಬ್ಬು ಬರುತ್ತದೆ, ಅಷ್ಟೆ. ಅದನ್ನು ನಾನೀಗ ಪೂರ್ತಿಯಾಗಿ ತಿದ್ದಲು ಹೋಗುವುದಿಲ್ಲ.

ಪಡಸಾಲೆಯ ಗೋಡೆಯ ಮೇಲೆ ಈಗ ಮೂಲ ಕಡತದಿಂದ ಮತ್ತೆ ಮುದ್ರಿಸಿದ ಚಿತ್ರವಿದೆ. ಬಣ್ಣ ತಿದ್ದಿದ್ದೇನೆ, ಏನನ್ನೂ ಅಳಿಸಿಲ್ಲ. ಬಂದವರು ಮೊದಲು ಗರಿಗಳನ್ನು ಮೆಚ್ಚುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಯಾರಾದರೊಬ್ಬರು ಹತ್ತಿರ ಬಾಗಿ, 'ಕಾಲಿಗೆ ಅದೇನೋ ಸುತ್ತಿಕೊಂಡಿದೆಯಲ್ಲ?' ಎಂದು ಕೇಳುತ್ತಾರೆ.